ಆಟಗಾರನನ್ನು ಒಂದು ಮಾತು ಕೇಳಬೇಡವೇ?

ಮೇಷ್ಟ್ರೇ, ತಿಪಟೂರಿನಿಂದ ನಮಗೆ ಕೊಬ್ಬರಿ ಬೆಲೆ ಬಗ್ಗೆ ಪತ್ರ ಬರುವುದು ಮಾಮೂಲು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬಂದದ್ದು ಇದೇ ಮೊದಲು. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. 2025ರ ಚಳಿಗಾಲದಲ್ಲಿ ನೀವು ಡಲ್ಲಾಸ್‌ನಲ್ಲಿ ಮಗನ ಮನೆಯಲ್ಲಿದ್ದಿರಿ. ಒಂದು ಭಾನುವಾರ ಬೆಳಿಗ್ಗೆ ಹತ್ತು ವರ್ಷದ ಮೊಮ್ಮಗ 77ನೇ ನಂಬರಿನ ಜರ್ಸಿ ಹಾಕಿಕೊಂಡು, ದೋಸೆ ಮುಟ್ಟದೆ ಅಳುತ್ತಾ ಕೂತಿದ್ದ. ಅವನ ಮೆಚ್ಚಿನ ಲೂಕಾ ಡಾನ್ಚಿಚ್‌ನನ್ನು ಡಲ್ಲಾಸ್ ಮ್ಯಾವರಿಕ್ಸ್ ತಂಡ ರಾತ್ರೋರಾತ್ರಿ ಲಾಸ್ ಏಂಜಲಿಸ್ ಲೇಕರ್ಸ್‌ಗೆ ಕೊಟ್ಟುಬಿಟ್ಟಿತ್ತು. "ಸೀಸನ್ ನಡುವೆ ಹೀಗೆ ಮಾರಬಹುದಾ? ಎಷ್ಟಕ್ಕೆ ಮಾರಿದರು? ಕೊಬ್ಬರಿ ಹರಾಜಿನಲ್ಲಿ ಕೊಬ್ಬರಿಯನ್ನು ಯಾರೂ ಕೇಳುವುದಿಲ್ಲ ಸರಿ, ಆದರೆ ಇವನು ಮನುಷ್ಯ ಅಲ್ವಾ?" ಎಂದು ಕೇಳಿದ್ದೀರಿ. ಆ ಜರ್ಸಿಯನ್ನು ಏನು ಮಾಡುವುದು ಅಂತಲೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲನೆಯದಾಗಿ, ಅವನನ್ನು ಮಾರಲಿಲ್ಲ. ಎನ್‌ಬಿಎಯಲ್ಲಿ, ಅಂದರೆ ಈ ತಂಡಗಳು ಆಡುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ, ಆಟಗಾರನಿಗೆ ಬೆಲೆ ಕಟ್ಟಿ ದುಡ್ಡೆಣಿಸುವ ಪದ್ಧತಿ ಇಲ್ಲ. ಟ್ರೇಡಿನಲ್ಲಿ, ಅಂದರೆ ತಂಡಗಳ ನಡುವಿನ ಅದಲುಬದಲಿನಲ್ಲಿ, ಸ್ವಲ್ಪ ನಗದು ಸೇರಿಸಬಹುದು, ಅದಕ್ಕೂ ವರ್ಷಕ್ಕಿಷ್ಟೇ ಅಂತ ಮಿತಿ ಇದೆ. ಇಲ್ಲಿ ಕೈ ಬದಲಾಗುವುದು ಕರಾರು. ಲೂಕಾ ಡಲ್ಲಾಸ್ ಜೊತೆ ಸಹಿ ಹಾಕಿದ ಕರಾರು ಹಾಗೆಯೇ, ಒಂದು ಡಾಲರ್ ಕೂಡ ಹೆಚ್ಚು ಕಡಿಮೆ ಆಗದೆ, ಲೇಕರ್ಸ್ ಹೆಗಲಿಗೆ ಹೋಯಿತು. ನಮ್ಮ ಐಪಿಎಲ್ ಬೇರೆ. 2025ರ ನವೆಂಬರ್‌ನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೆ, ಜಡೇಜಾ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಹೋದರಲ್ಲ, ಆಗ ಜಡೇಜಾರ ಮೊತ್ತ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ಅಲ್ಲಿ ಆಟಗಾರ ಒಪ್ಪದಿದ್ದರೆ ಟ್ರೇಡೇ ಇಲ್ಲ. ಎನ್‌ಬಿಎಯಲ್ಲಿ ಸಂಬಳ ಮುಟ್ಟುವಂತಿಲ್ಲ, ಆಟಗಾರನನ್ನು ಕೇಳಬೇಕಾಗಿಯೂ ಇಲ್ಲ.

ಲೆಕ್ಕ ಬಿಗಿಯಾಗುವುದು ಇಲ್ಲಿಯೇ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅಂತ ಒಂದು ಗೆರೆ ಇದೆ. 2024-25ರಲ್ಲಿ ಅದು ಸುಮಾರು 14 ಕೋಟಿ ಡಾಲರ್. ದೊಡ್ಡ ತಂಡಗಳೆಲ್ಲ ಒಂದಲ್ಲ ಒಂದು ವಿನಾಯಿತಿ ಹಿಡಿದು ಈ ಗೆರೆ ದಾಟಿಯೇ ಇರುತ್ತವೆ. ದಾಟಿದವರು ಟ್ರೇಡ್ ಮಾಡಬೇಕಾದರೆ, ಒಳಗೆ ಬರುವ ಸಂಬಳಕ್ಕೂ ಹೊರಗೆ ಹೋಗುವ ಸಂಬಳಕ್ಕೂ ತಾಳೆ ಆಗಬೇಕು. ಜಾಸ್ತಿ ಖರ್ಚು ಮಾಡುವ ತಂಡಕ್ಕೆ ನಿಯಮ ಇನ್ನೂ ಬಿಗಿ: ಕಳಿಸಿದ್ದಕ್ಕಿಂತ ಒಂದು ಡಾಲರ್ ಹೆಚ್ಚಿಗೆ ತರುವಂತಿಲ್ಲ. ಲೇಕರ್ಸ್ ಪರಿಸ್ಥಿತಿ ಹಾಗೇ ಇತ್ತು.

ಪೆನ್ಸಿಲ್ ತಗೊಳ್ಳಿ ಮೇಷ್ಟ್ರೇ, ನೀವು ಗಣಿತ ಹೇಳಿಕೊಟ್ಟವರು. ಲೇಕರ್ಸ್‌ಗೆ ಬರುವವರು ಲೂಕಾ, ಸುಮಾರು 4.30 ಕೋಟಿ ಡಾಲರ್, ಮತ್ತು ಮ್ಯಾಕ್ಸಿ ಕ್ಲೇಬರ್, 1.10 ಕೋಟಿ. ಕೂಡಿದರೆ 5.40. ಮಾರ್ಕೀಫ್ ಮಾರಿಸ್ ಕೂಡ ಬಂದ, ಆದರೆ ಅವನದು ಕನಿಷ್ಠ ಸಂಬಳ, ಈ ಲೆಕ್ಕಕ್ಕೆ ಬರುವುದಿಲ್ಲ. ಹೋಗುವವರು ಆಂಥೊನಿ ಡೇವಿಸ್, 4.32 ಕೋಟಿ, ಮತ್ತು ಮ್ಯಾಕ್ಸ್ ಕ್ರಿಸ್ಟಿ, 71 ಲಕ್ಷ. ಕೂಡಿದರೆ 5.03. ಸಾಲಲಿಲ್ಲ. ಜೇಲನ್ ಹುಡ್-ಶಿಫಿನೋ ಅನ್ನುವ ಹುಡುಗನ ಸುಮಾರು 39 ಲಕ್ಷ ಸೇರಿಸಿದರೆ 5.42. ಈಗ ಸರಿಹೋಯಿತು! ಆದರೆ ಡಲ್ಲಾಸ್‌ಗೂ ತನ್ನದೇ ಒಂದು ಗೆರೆ ಇತ್ತು, ಆ ಹುಡುಗನಿಗೆ ಅಲ್ಲಿ ಜಾಗ ಇರಲಿಲ್ಲ. ಹಾಗಾಗಿ ಯೂಟಾ ಜಾಝ್ ಅನ್ನುವ ಮೂರನೇ ತಂಡ ನಡುವೆ ಬಂತು. ಹುಡುಗನನ್ನು ಇಟ್ಟುಕೊಂಡಿತು, ಆ ಉಪಕಾರಕ್ಕೆ ಎರಡನೇ ಸುತ್ತಿನ ಎರಡು ಡ್ರಾಫ್ಟ್ ಸರದಿ ಪಡೆಯಿತು. ಡೇವಿಸ್‌ಗೆ ಟ್ರೇಡ್ ಆದರೆ ಬೋನಸ್ ಕೊಡಬೇಕೆಂದು ಕರಾರಿನಲ್ಲಿತ್ತು. ಅದನ್ನೂ ಆತ ಬಿಟ್ಟುಕೊಟ್ಟ.

ಡ್ರಾಫ್ಟ್ ಸರದಿ ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಹಕ್ಕು. ಇನ್ನೂ ಬಾರದ ವರ್ಷದ್ದನ್ನೂ ಕೊಡಬಹುದು. ಡಲ್ಲಾಸ್‌ಗೆ ಸಿಕ್ಕಿದ್ದು ಲೇಕರ್ಸ್‌ನ 2029ರ ಮೊದಲ ಸುತ್ತಿನ ಸರದಿ. ತೋಟದಲ್ಲಿ ಕಾಯಿ ಬಿಡುವ ಮೊದಲೇ ಫಸಲು ಗುತ್ತಿಗೆ ಕೊಟ್ಟ ಹಾಗೆ. ಇದಕ್ಕೂ ಕಡಿವಾಣ ಇದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಮೊದಲ ಸುತ್ತಿನ ಸರದಿಗಳನ್ನು ಒಂದರ ಹಿಂದೆ ಒಂದು ಹಂಚಿ ತಂಡವನ್ನು ಬರಿದು ಮಾಡಿಟ್ಟ. ಈಗ ಮುಂದೆ ಯಾವುದೇ ಎರಡು ವರ್ಷ ಸತತವಾಗಿ ಮೊದಲ ಸುತ್ತಿನಲ್ಲಿ ಕೈ ಖಾಲಿ ಆಗುವಂತೆ ಯಾರೂ ಕೊಡುವಂತಿಲ್ಲ. ಆ ನಿಯಮಕ್ಕೆ ಅವನದೇ ಹೆಸರು. ಪಾಪ, ಹೆಸರು ಉಳಿದದ್ದು ಹೀಗೆ.

ನಡು ಸೀಸನ್ನಿನಲ್ಲೇ ಯಾಕೆ ಅಂದಿರಿ. ಒಂದೊಂದು ತಂಡಕ್ಕೆ 82 ಪಂದ್ಯ, ಅಕ್ಟೋಬರ್‌ನಿಂದ ಏಪ್ರಿಲ್ ತನಕ. ಫೆಬ್ರವರಿ ಹೊತ್ತಿಗೆ ಐವತ್ತರ ಆಸುಪಾಸು ಮುಗಿದಿರುತ್ತವೆ, ಯಾರ ಬಂಡವಾಳ ಎಷ್ಟು ಅಂತ ಗೊತ್ತಾಗಿರುತ್ತದೆ. ಆ ವರ್ಷದ ಗಡುವು ಫೆಬ್ರವರಿ 6, ಅಲ್ಲಿನ ಪೂರ್ವ ಕರಾವಳಿಯ ಗಡಿಯಾರದಲ್ಲಿ ಮಧ್ಯಾಹ್ನ 3. ಆಮೇಲೆ ಟ್ರೇಡ್ ಬಂದ್. ಕೊನೆಯ ದಿನ ಅವಸರದಲ್ಲಿ ಹತ್ತಾರು ವ್ಯವಹಾರ ಆಗುತ್ತವೆ. ಕೆಲವು ಮುರಿದೂ ಬೀಳುತ್ತವೆ. ಅದೇ ವಾರ ಲೇಕರ್ಸ್, ಷಾರ್ಲಟ್ ತಂಡದಿಂದ ಮಾರ್ಕ್ ವಿಲಿಯಮ್ಸ್‌ನನ್ನು ತರಿಸಿತು. ವೈದ್ಯರ ತಪಾಸಣೆಯಲ್ಲಿ ಪಾಸಾಗಲಿಲ್ಲ ಅಂತ ವಾಪಸ್ ಕಳಿಸಿತು. ಅವನ ಬದಲಿಗೆ ಹೋಗಿದ್ದ ಡಾಲ್ಟನ್ ಕ್ನೆಕ್ಟ್, ಬೀಳ್ಕೊಟ್ಟಿದ್ದ ಜೊತೆಗಾರರ ನಡುವೆಯೇ ಮತ್ತೆ ಬಂದು ನಿಂತ. ಹೆಣ್ಣು ನೋಡಿ ಒಪ್ಪಿ ಆಮೇಲೆ ಬೇಡ ಅಂದವರ ಮನೆಗೆ ಊಟಕ್ಕೆ ಹೋದ ಹಾಗೆ ಆಗಿರಬೇಕು!

ಲೂಕಾ ವಿಷಯ ಮಾತ್ರ ಗದ್ದಲವಿಲ್ಲದೆ ನಡೆಯಿತು. ನಮ್ಮ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರಲ್ಲ, ಹಾಗೆ. ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನೀಕೋ ಹ್ಯಾರಿಸನ್, ಲೇಕರ್ಸ್‌ನ ರಾಬ್ ಪೆಲಿಂಕಾ ಜನವರಿಯಲ್ಲಿ ಕಾಫಿ ಕುಡಿಯುತ್ತಾ ಮಾತು ಶುರು ಮಾಡಿದ್ದರು. ಫೆಬ್ರವರಿ 1ರ ಶನಿವಾರ, ಡಲ್ಲಾಸ್‌ನಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಪತ್ರಕರ್ತ ಶಾಮ್ಸ್ ಚರಾನಿಯಾ ಸುದ್ದಿ ಹಾಕಿದಾಗ, ಅವರ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಅಂದುಕೊಂಡರು ಜನ. ಇದು ನಿಜವೇ ಅಂತ ಅವರು ಮತ್ತೊಮ್ಮೆ ಬರೆಯಬೇಕಾಯಿತು. ಲೂಕಾಗೆ ಆಗ 25 ವರ್ಷ. ಎಂಟು ತಿಂಗಳ ಹಿಂದಷ್ಟೇ ತಂಡವನ್ನು ಫೈನಲ್‌ಗೆ ಒಯ್ದಿದ್ದವನು.

"ಬೇಡ" ಅನ್ನುವ ಹಕ್ಕು ಯಾರಿಗೂ ಇಲ್ಲವೇ? ಇದೆ, ಬಹಳ ಕಡಿಮೆ ಜನಕ್ಕೆ. ಲೀಗಿನಲ್ಲಿ 8 ವರ್ಷ, ಅದೇ ತಂಡದಲ್ಲಿ 4 ವರ್ಷ ಕಳೆದವನು ಹೊಸ ಕರಾರಿನಲ್ಲಿ ಅದನ್ನು ಕೇಳಿ ಬರೆಸಿಕೊಳ್ಳಬಹುದು. ಲೆಬ್ರಾನ್ ಜೇಮ್ಸ್ ಬರೆಸಿಕೊಂಡಿದ್ದ. ಲೂಕಾಗೆ ಅದು ಏಳನೇ ಸೀಸನ್. ಒಂದು ವರ್ಷದ ಕರಾರಿನವರಲ್ಲಿ ಕೆಲವರಿಗೂ ಈ ಹಕ್ಕು ಇರುತ್ತದೆ. 2008ರಲ್ಲಿ ಇದೇ ಡಲ್ಲಾಸ್, ನ್ಯೂಜೆರ್ಸಿಯಿಂದ ಜೇಸನ್ ಕಿಡ್‌ನನ್ನು ತರಲು ಹೊರಟಾಗ ಬದಲಿಗೆ ಹೋಗಬೇಕಿದ್ದ ಡೆವಿಯನ್ ಜಾರ್ಜ್ ಅನ್ನುವ ಸಾಮಾನ್ಯ ಆಟಗಾರ "ನಾನು ಹೋಗಲ್ಲ" ಅಂದ. ಇಡೀ ವ್ಯವಹಾರ ನಿಂತಿತು. ಆಮೇಲೆ ಸಂಬಳ ತಾಳೆ ಮಾಡಲು ಡಲ್ಲಾಸ್ ಏನು ಮಾಡಿತು ಗೊತ್ತೇ? ಎರಡು ವರ್ಷದಿಂದ ಆಟವನ್ನೇ ಬಿಟ್ಟು ಮನೆಯಲ್ಲಿದ್ದ ಕೀತ್ ವ್ಯಾನ್ ಹಾರ್ನ್‌ನನ್ನು ಕರೆದು, ಸುಮಾರು 43 ಲಕ್ಷ ಡಾಲರ್ ಕರಾರಿಗೆ ಸಹಿ ಹಾಕಿಸಿ, ಅವನನ್ನು ಕಳಿಸಿತು. ಆತ ನ್ಯೂಜೆರ್ಸಿಗೆ ಹೋಗಿ ಹಾಜರಿ ಹಾಕಿದ. ಒಂದೂ ಪಂದ್ಯ ಆಡಲಿಲ್ಲ. ನನಗೆ ಈ ಕಥೆ ಬಹಳ ಇಷ್ಟ. ಅಲ್ಲಿ ಬೇಕಿದ್ದದ್ದು ಆಟಗಾರ ಅಲ್ಲ, ಅವನ ಹೆಸರಿನ ಮುಂದಿನ ಸಂಖ್ಯೆ.

ಆ ಕಿಡ್ 2011ರಲ್ಲಿ ಡಲ್ಲಾಸ್‌ಗೆ ಪ್ರಶಸ್ತಿ ತಂದುಕೊಟ್ಟ. ಹುಡುಗನಾಗಿದ್ದಾಗ, 1996ರ ಡಿಸೆಂಬರ್‌ನಲ್ಲಿ, ಅದೇ ಡಲ್ಲಾಸ್ ಅವನನ್ನು ನಡು ಸೀಸನ್ನಿನಲ್ಲಿ ಫೀನಿಕ್ಸ್‌ಗೆ ಕೊಟ್ಟಿತ್ತು. ಲೂಕಾ ಹೋದ ರಾತ್ರಿ ಡಲ್ಲಾಸ್‌ನ ಕೋಚ್ ಯಾರು ಅಂದುಕೊಂಡಿರಿ? ಇದೇ ಕಿಡ್.

ಡಲ್ಲಾಸ್ ಮಾಡಿದ್ದು ಸರಿಯೇ ಅಂತ ನನ್ನನ್ನು ಕೇಳಿದರೆ, ಅಲ್ಲ. ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಆಟ, ಇದ್ದರೆ ಪ್ರಶಸ್ತಿ ಸಿಗುತ್ತದೆ ಅಂದರು ಹ್ಯಾರಿಸನ್. ಮುಂದಿನ ಬೇಸಿಗೆಯಲ್ಲಿ ಲೂಕಾ ಡಲ್ಲಾಸ್‌ನಲ್ಲೇ ಇದ್ದಿದ್ದರೆ 5 ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕೇಳಬಹುದಿತ್ತು. ತಂಡ ಬದಲಾದದ್ದರಿಂದ ಆ ಅರ್ಹತೆಯೂ ಹೋಯಿತು. ಅಂದರೆ ಅವನನ್ನು ಕೇಳದೆ ಮಾಡಿದ ಟ್ರೇಡಿಗೆ ಅವನ ಜೇಬಿನಿಂದಲೂ ಹೋಯಿತು. ಬಂದ ಡೇವಿಸ್ ಮೊದಲ ಪಂದ್ಯದಲ್ಲೇ ಗಾಯ ಮಾಡಿಕೊಂಡ. 2025ರ ನವೆಂಬರ್‌ನಲ್ಲಿ ಹ್ಯಾರಿಸನ್ ಕೆಲಸವೂ ಹೋಯಿತು.

ಇನ್ನು ಜರ್ಸಿ. 2025ರ ಏಪ್ರಿಲ್ 9ರಂದು ಲೂಕಾ ಲೇಕರ್ಸ್ ಬಟ್ಟೆಯಲ್ಲಿ ಡಲ್ಲಾಸ್‌ಗೆ ಆಡಲು ಬಂದ. ಸೀಟುಗಳ ಮೇಲೆ, ಎಲ್ಲಕ್ಕೂ ಥ್ಯಾಂಕ್ಸ್ ಅಂತ ಅವನ ಸ್ಲೊವೇನಿಯನ್ ಭಾಷೆಯಲ್ಲೇ ಬರೆದ ಟೀ ಶರ್ಟ್ ಇಟ್ಟಿದ್ದರು. ಹಳೆಯ ವಿಡಿಯೋ ತೋರಿಸಿದಾಗ ಬೆಂಚಿನಲ್ಲಿ ಕೂತು ಟವೆಲ್‌ನಿಂದ ಕಣ್ಣೊರೆಸಿಕೊಂಡ. ಆಮೇಲೆ ಎದ್ದು ಹೋಗಿ ಹಳೆಯ ತಂಡದ ಮೇಲೆ 45 ಪಾಯಿಂಟ್ ಹೊಡೆದ. ಲೇಕರ್ಸ್‌ನಲ್ಲೂ ಅವನ ನಂಬರ್ 77 ತಾನೇ? ಮೊಮ್ಮಗನಿಗೆ ಹೇಳಿ, ಜರ್ಸಿ ಹಾಕಿಕೊಳ್ಳಲಿ. ದೋಸೆಯನ್ನೂ ತಿನ್ನಲಿ.

— ಸಂಪಾದಕ