ಓದುಗರ ಪ್ರಶ್ನೆ: 45 ಡಿಗ್ರಿ ಗೆರೆ ನಂಬಿ ರೋಬೋಟ್ ಕೈಗೆ ದುಡ್ಡು ಕೊಡಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಚಾರ್ಟ್ ಮೇಲೆ ಕೋನದ ಗೆರೆ ಎಳೆದು, ಕರೆನ್ಸಿ ಮತ್ತೆ ಚಿನ್ನವನ್ನ ತಾನಾಗೇ ಕೊಂಡು ಮಾರೋ ರೋಬೋಟ್. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಕೊಂಡು ಇದನ್ನೇ ಪೂರ್ತಿ ತಗೊಂಡಿದೀನಿ.

ಪ್ರಶ್ನೆ: ಸರ್, ನಾನು ಚಿನ್ನದ ಡೈಲಿ ಚಾರ್ಟಲ್ಲಿ ಗ್ಯಾನ್ ಫ್ಯಾನ್ (ಒಂದೇ ಬಿಂದುವಿಂದ ಬೇರೆ ಬೇರೆ ಕೋನಕ್ಕೆ ಹೊರಡೋ ಗೆರೆಗಳು) ಹಾಕ್ತೀನಿ. ಲ್ಯಾಪ್‌ಟಾಪಲ್ಲಿ ಬೆಲೆ 45 ಡಿಗ್ರಿ ಗೆರೆ ಮುಟ್ಟಿ ಮೇಲೆ ಹೋಗಿದೆ, ಅದೇ ಲೋ (ಬೆಲೆ ಮುಟ್ಟಿದ ತಳ) ಇಂದ ಮೊಬೈಲಲ್ಲಿ ಎಳೆದ್ರೆ ಗೆರೆ ಹತ್ರಾನೂ ಬಂದಿಲ್ಲ. ಯಾವುದು ಸರಿ? ಇದನ್ನ ಎಕ್ಸ್‌ಪರ್ಟ್ ಅಡ್ವೈಸರ್ (ತಾನಾಗೇ ಟ್ರೇಡ್ ಮಾಡೋ ರೋಬೋಟ್) ಮಾಡಿಸ್ಬೇಕು ಅಂತಿದೀನಿ.

ಎರಡೂ ಸರಿ ಅಲ್ಲ, ಯಾಕಂದ್ರೆ ಡಿಗ್ರಿ ಅನ್ನೋದು ನಿಮ್ಮ ಸ್ಕ್ರೀನಲ್ಲಿದೆ, ಮಾರ್ಕೆಟ್ಟಲ್ಲಿಲ್ಲ. ಗ್ಯಾನ್ (1878–1955) ಅನ್ನೋ ಅಮೆರಿಕದ ಟ್ರೇಡರ್ ಕೈಯಲ್ಲಿ ಗ್ರಾಫ್ ಕಾಗದದ ಮೇಲೆ ಚಾರ್ಟ್ ಬರೀತಿದ್ದ ಕಾಲದವನು. ಒಂದು ಚೌಕ ಅಡ್ಡಕ್ಕೆ ಇಷ್ಟು ದಿನ, ಒಂದು ಚೌಕ ಉದ್ದಕ್ಕೆ ಇಷ್ಟು ಬೆಲೆ ಅಂತ ಮೊದ್ಲೇ ಫಿಕ್ಸ್ ಮಾಡ್ಕೊಂಡ್ರೆ 1×1 ಗೆರೆ ಚೌಕದ ಮೂಲೆಯಿಂದ ಮೂಲೆಗೆ ಹೋಗತ್ತೆ, ಅದೇ 45 ಡಿಗ್ರಿ. ಸ್ಕ್ರೀನಲ್ಲಿ ನೀವು ಝೂಮ್ ಮಾಡಿದ ತಕ್ಷಣ ಆ ಚೌಕ ಎಳೆದ ರಬ್ಬರ್ ಥರ ಆಗ್ಬಿಡತ್ತೆ, ಕೋನ ಬದಲಾಗತ್ತೆ, ಬೆಲೆ ಮಾತ್ರ ಅಲ್ಲೇ ಇರತ್ತೆ.

ಹಾಗಾಗಿ ಪ್ರೋಗ್ರಾಂ ಬರೆಯೋರ ಹತ್ರ "45 ಡಿಗ್ರಿ" ಅನ್ಬೇಡಿ, "ಒಂದು ಕ್ಯಾಂಡಲ್‌ಗೆ ಇಷ್ಟು ಡಾಲರ್" ಅನ್ನಿ. ಕ್ಯಾಂಡಲ್ ಇಲ್ಲ ಬಾರ್ ಅಂದ್ರೆ ಚಾರ್ಟಲ್ಲಿ ಒಂದು ಅವಧಿಯ, ಡೈಲಿ ಚಾರ್ಟಾದ್ರೆ ಒಂದು ದಿನದ, ಬೆಲೆ ತೋರಿಸೋ ಕಡ್ಡಿ. ಮೆಟಾಟ್ರೇಡರ್ ಅನ್ನೋ ಟ್ರೇಡಿಂಗ್ ಸಾಫ್ಟ್‌ವೇರಲ್ಲಿ ಗ್ಯಾನ್ ಗೆರೆಯ ಸೆಟ್ಟಿಂಗ್ ತೆಗೆದು ನೋಡಿ, ಸ್ಕೇಲ್ ಅಂತ ಒಂದು ನಂಬರ್ ಕೇಳತ್ತೆ, ಬಾರ್‌ಗೆ ಎಷ್ಟು ಪಿಪ್ಸ್ (ಬೆಲೆಯ ಪುಟ್ಟ ಹೆಜ್ಜೆ) ಅಂತ. ಈ ಇಡೀ ವಿದ್ಯೆ ನಿಂತಿರೋದು ಆ ಒಂದು ನಂಬರ್ ಮೇಲೆ, ಆದ್ರೆ ನನಗೆ ಬರೆದವರಲ್ಲಿ ಒಬ್ರೂ ಅದು ಎಷ್ಟು ಇಟ್ಟಿದೀವಿ ಅಂತ ಹೇಳಿಲ್ಲ.

ಎಷ್ಟು ಇಡ್ಬೇಕು ಅಂತ ಕೇಳ್ತೀರಿ. ದಿನಕ್ಕೆ 1 ಡಾಲರ್ ಅಂತ ಇಟ್ವಿ ಅಂದ್ಕೊಳ್ಳಿ. 1971ರ ಆಗಸ್ಟ್‌ವರೆಗೆ ಅಮೆರಿಕ ಬೇರೆ ದೇಶಗಳ ಸೆಂಟ್ರಲ್ ಬ್ಯಾಂಕ್‌ಗಳಿಗೆ ಔನ್ಸ್‌ಗೆ 35 ಡಾಲರ್ ಲೆಕ್ಕದಲ್ಲಿ ಚಿನ್ನ ಕೊಡ್ತಿತ್ತು, 1980ರ ಜನವರಿಯಲ್ಲಿ ಅದೇ ಚಿನ್ನ 850 ಮುಟ್ತು, 2020ರ ಆಗಸ್ಟಲ್ಲಿ ಮೊದಲ ಸಲ 2000 ದಾಟ್ತು. 35ರ ಮೇಲೆ 1 ಡಾಲರ್ ಅಂದ್ರೆ ಸುಮಾರು 3 ಪರ್ಸೆಂಟ್, 2000ದ ಮೇಲೆ ಅದೇ 1 ಡಾಲರ್ 0.05 ಪರ್ಸೆಂಟ್, ಅಂದ್ರೆ ಒಂದು ಕಡೆ ಗೋಡೆ ಥರ ನೆಟ್ಟಗೆ, ಇನ್ನೊಂದು ಕಡೆ ನೆಲ ಥರ ಚಪ್ಪಟೆ. ನಾನು ಮಾಡೋದು ಇಷ್ಟೇ: ಗೆರೆ ಶುರುವಾಗೋ ಕ್ಯಾಂಡಲ್‌ಗಿಂತ ಹಿಂದಿನ 100 ಕ್ಯಾಂಡಲ್‌ಗಳ ಸರಾಸರಿ ಏರಿಳಿತ, ಅಂದ್ರೆ ಎಟಿಆರ್, ತಗೊಂಡು ಅದರ ಒಂದು ಭಾಗವನ್ನ ಸ್ಕೇಲ್ ಮಾಡ್ತೀನಿ. ಆಮೇಲೆ ಅದನ್ನ ಮುಟ್ಟಲ್ಲ. ಬೆಲೆ ಗೆರೆಗೆ ಕೂರ್ಲಿಲ್ಲ ಅಂತ ಸ್ಕೇಲ್ ತಿರುಗಿಸ್ತಾ ಹೋದ್ರೆ ಯಾವ ಗೆರೇನ ಬೇಕಾದ್ರೂ ಯಾವ ಬೆಲೆಗೆ ಬೇಕಾದ್ರೂ ಕೂರಿಸ್ಬಹುದು.

ಇನ್ನೊಂದು ವಿಷಯ, ಇದು ನನಗೆ ಅರ್ಥ ಆಗೋಕೆ ತುಂಬ ದಿನ ಹಿಡೀತು. ಕೆಲವು ಬ್ರೋಕರ್‌ಗಳ ಸರ್ವರ್ ಟೈಮಲ್ಲಿ ವಾರಕ್ಕೆ 5 ಡೈಲಿ ಕ್ಯಾಂಡಲ್ ಬರತ್ತೆ, ಇನ್ನು ಕೆಲವರಲ್ಲಿ ಭಾನುವಾರದ್ದು ಒಂದು ಪುಟ್ಟ ಕ್ಯಾಂಡಲ್ ಸೇರಿ 6. ಗೆರೆ ಹೋಗೋದು ಕ್ಯಾಂಡಲ್ ಲೆಕ್ಕದಲ್ಲಿ, ಅಂದ್ರೆ 50 ವಾರಕ್ಕೆ ಒಬ್ರಲ್ಲಿ 250, ಇನ್ನೊಬ್ರಲ್ಲಿ 300. ಕ್ಯಾಂಡಲ್‌ಗೆ 1 ಡಾಲರ್ ಇಟ್ಟಿದ್ರೆ ಒಂದೇ ಲೋ ಇಂದ ಹೊರಟ ಒಂದೇ ಗೆರೆ ವರ್ಷದ ಕೊನೆಗೆ 50 ಡಾಲರ್ ವ್ಯತ್ಯಾಸದಲ್ಲಿ ನಿಂತಿರತ್ತೆ. ಬ್ರೋಕರ್ ಬದಲಾಯಿಸಿದ ಮೇಲೆ ರೋಬೋಟ್ ಕೆಟ್ಟೋಯ್ತು ಅಂತ ಬರೆದಿದ್ದ ಇಬ್ಬರು ಓದುಗರು ದಯವಿಟ್ಟು ಇದನ್ನ ಮೊದ್ಲು ಚೆಕ್ ಮಾಡಿ.

ಮತ್ತೆ 2×1 ಅಂತ ಬರೆದಿದ್ರೆ ಅದರಲ್ಲಿ ಮೊದಲ ನಂಬರ್ ಬೆಲೇದಾ ಟೈಮ್‌ದಾ ಅಂತ ಕೇಳಿ ತಿಳ್ಕೊಳ್ಳಿ, ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಅದು ಉಲ್ಟಾ ಆದ್ರೆ ಕಡಿದಾದ ಗೆರೆ ಜಾಗದಲ್ಲಿ ಚಪ್ಪಟೆ ಗೆರೆ ಇಟ್ಕೊಂಡು ಟ್ರೇಡ್ ಮಾಡ್ತಿರ್ತೀರಿ.

ಪ್ರಶ್ನೆ: ನನ್ನ ರೋಬೋಟ್ ಬ್ಯಾಕ್‌ಟೆಸ್ಟಲ್ಲಿ (ಹಳೇ ಬೆಲೆಗಳ ಮೇಲೆ ಮಾಡೋ ಪರೀಕ್ಷೆ) 10ಕ್ಕೆ 9 ಟ್ರೇಡ್ ಗೆಲ್ಲತ್ತೆ. ಲೈವ್‌ಗೆ ಹಾಕಿದ್ರೆ 3 ವಾರದಲ್ಲಿ ಕಾಲು ಭಾಗ ದುಡ್ಡು ಹೋಯ್ತು. ಬ್ರೋಕರ್ ಮೋಸ ಮಾಡ್ತಿದ್ದಾನಾ?

ಮಾಡ್ತಿರಬಹುದು, ಆದ್ರೆ ಅದಕ್ಕಿಂತ ಮೊದ್ಲು ನಿಮ್ಮ ಕೋಡಲ್ಲಿ ಗೆರೆ ಎಲ್ಲಿಂದ ಶುರುವಾಗತ್ತೆ ನೋಡಿ. ಕೋನ ಎಳೆಯೋಕೆ ಒಂದು ಮುಖ್ಯವಾದ ತಳ ಇಲ್ಲ ತುದಿ ಬೇಕು. ಹಳೇ ಚಾರ್ಟ್ ನೋಡಿದ್ರೆ ತಳ ಎಲ್ಲಿದೆ ಅಂತ ಮಗೂಗೂ ಕಾಣತ್ತೆ, ಆದ್ರೆ ಆ ದಿನ ಅದು ತಳ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಇನ್ನೂ 5–6 ಕ್ಯಾಂಡಲ್ ಮೇಲೆ ಹೋದ ಮೇಲೇನೇ ಗೊತ್ತಾಗಿದ್ದು. ನೀವು ಕಳಿಸಿರೋ ವಿವರದಲ್ಲಿ, ಬೆಲೆಯ ತಳ-ತುದಿಗಳನ್ನ ಗೆರೆಯಿಂದ ಸೇರಿಸೋ ಜಿಗ್‌ಜ್ಯಾಗ್ ಇಂಡಿಕೇಟರಿಂದ ತಳ ಹುಡುಕ್ತೀವಿ ಅಂತಿದೆ. ಜಿಗ್‌ಜ್ಯಾಗ್ ತನ್ನ ಕೊನೇ ಕಾಲನ್ನ ಆಮೇಲೆ ಎತ್ತಿ ಬೇರೆ ಕಡೆ ಇಡತ್ತೆ, ಇದಕ್ಕೆ ರೀಪೇಂಟ್ ಅಂತಾರೆ. ಇದರಿಂದ ಟೆಸ್ಟಲ್ಲಿ ನಿಮ್ಮ ರೋಬೋಟ್ ನಾಳೆಯ ಪೇಪರ್ ಇವತ್ತೇ ಓದ್ಕೊಂಡು ಟ್ರೇಡ್ ಮಾಡಿರೋ ಸಾಧ್ಯತೆ ಜಾಸ್ತಿ.

ಸರಿ ಮಾಡೋದು ಹೇಗಂದ್ರೆ, ಒಂದು ಲೋ ಆದ ಮೇಲೆ ಎರಡೂ ಕಡೆ ಇಂತಿಷ್ಟು ಮುಗಿದ ಕ್ಯಾಂಡಲ್ ಅದಕ್ಕಿಂತ ಮೇಲಿದ್ರೆ ಮಾತ್ರ ಅದು ತಳ ಅಂತ ರೂಲ್ ಬರೆಸಿ, ಗೆರೆ ಹಳೇ ಲೋ ಇಂದಾನೇ ಹೊರಡ್ಲಿ ಆದ್ರೆ ಟ್ರೇಡ್ ಮಾತ್ರ ಆ ಖಾತ್ರಿ ಆದ ಕ್ಯಾಂಡಲ್ ನಂತರಾನೇ ಆಗ್ಬೇಕು. ಈಗ ನಡೀತಿರೋ, ಇನ್ನೂ ಮುಚ್ಚದಿರೋ ಕ್ಯಾಂಡಲ್ಲನ್ನ ಲೆಕ್ಕಕ್ಕೆ ತಗೋಬಾರದು. ಆಮೇಲೆ ಡೇಟಾವನ್ನ ಎರಡು ಭಾಗ ಮಾಡಿ, ಮೊದಲ ಭಾಗದಲ್ಲಿ ಸೆಟ್ಟಿಂಗ್ ಹುಡುಕಿ, ಎರಡನೇ ಭಾಗವನ್ನ ಅಲ್ಲಿವರೆಗೆ ತೆರೀಲೇಬೇಡಿ, ಒಂದೇ ಒಂದು ಸಲ ಓಡಿಸಿ. ಅಲ್ಲಿ ಸೋತ್ರೆ ಸೋತ ಹಾಗೇನೇ, ಮತ್ತೆ ಸೆಟ್ಟಿಂಗ್ ಬದಲಾಯಿಸಿ ಎರಡನೇ ಭಾಗಕ್ಕೆ ಬಂದ್ರೆ ಅದೂ ಮೊದಲ ಭಾಗಾನೇ ಆಗೋಯ್ತು.

10ಕ್ಕೆ 9 ಅನ್ನೋದನ್ನೂ ಸ್ವಲ್ಪ ಬಿಡಿಸಿ ನೋಡಿ. 9 ಸಲ 10 ಡಾಲರ್ ಬಂದು 1 ಸಲ 120 ಹೋದ್ರೆ ಒಟ್ಟು 30 ಡಾಲರ್ ನಷ್ಟ, ಸ್ಪ್ರೆಡ್ (ಕೊಳ್ಳೋ ಮಾರೋ ಬೆಲೆಗಳ ವ್ಯತ್ಯಾಸ) ಮತ್ತೆ ರಾತ್ರಿ ಕಳೆದ್ರೆ ಹಿಡಿಯೋ ಸ್ವಾಪ್ ಇನ್ನೂ ಬೇರೆ. ಕಳ್ಕೊಂಡಿದ್ದಕ್ಕೆ ನಿಮ್ಮ ಮೇಲೆ ನೀವು ಸಿಟ್ಟಾಗ್ಬೇಡಿ, ಆದ್ರೆ ಇವತ್ತೇ ರೋಬೋಟ್ ಆಫ್ ಮಾಡಿ.

ಪ್ರಶ್ನೆ: ಸ್ಕ್ವೇರ್ ಆಫ್ ನೈನ್ ಲೆಕ್ಕ ಚಿನ್ನಕ್ಕೆ ಚೆನ್ನಾಗಿ ಬರತ್ತೆ, ಯೂರೋ-ಡಾಲರ್‌ಗೆ ಮಾತ್ರ ಅಸಂಬದ್ಧ ನಂಬರ್ ಬರತ್ತೆ, ಯಾಕೆ?

ಒಳ್ಳೇ ಪ್ರಶ್ನೆ. ಇದು ಬೆಲೆ ಎಲ್ಲಿ ತಿರುಗಬಹುದು ಅಂತ ಹುಡುಕೋಕೆ ಗ್ಯಾನ್ ಹೆಸರಲ್ಲಿರೋ ಇನ್ನೊಂದು ಲೆಕ್ಕ. ಗೊತ್ತಿಲ್ಲದವರಿಗೆ ಒಂದು ಮಾತು: ಬೆಲೆಯ ವರ್ಗಮೂಲ ತೆಗೆದು, ಪೂರ್ತಿ ಸುತ್ತು 360 ಡಿಗ್ರಿಗೆ 2 ಅಂತ ಕೂಡಿಸಿ ಮತ್ತೆ ವರ್ಗ ಮಾಡೋದು, 45 ಡಿಗ್ರಿ ಬೇಕಾದ್ರೆ 0.25 ಕೂಡಿಸೋದು. ಚಿನ್ನ 2025 ಇದ್ರೆ ವರ್ಗಮೂಲ 45, ಅದು 45.25 ಆಗಿ ವರ್ಗ ಮಾಡಿದ್ರೆ 2047.56. ಸರಿಯಾಗಿ ಕಾಣತ್ತೆ. ಯೂರೋ 1.0816 ಇದ್ರೆ ವರ್ಗಮೂಲ 1.04, 0.25 ಕೂಡಿಸಿದ್ರೆ 1.29, ವರ್ಗ 1.6641, ಅದು ಯಾವ ಕಾಲಕ್ಕೆ ಬರಬೇಕು! ಹಾಗಾಗಿ ಜನ ಮೊದ್ಲು 10,000ದಿಂದ ಗುಣಿಸ್ತಾರೆ: 10816, ವರ್ಗಮೂಲ 104, 104.25ರ ವರ್ಗ 10868, ಅಂದ್ರೆ 1.0868.

ಆದ್ರೆ ಇಲ್ಲೇ ನಿಂತು ಯೋಚ್ನೆ ಮಾಡಿ. 10,000 ಯಾಕೆ, 1,000 ಯಾಕಲ್ಲ? ಚಿನ್ನದ 2025ನ್ನೇ 20.25 ಅಂತ ಬರೆದು ಇದೇ ಲೆಕ್ಕ ಹಾಕಿ, 4.5 ಹೋಗಿ 4.75 ಆಗತ್ತೆ, ವರ್ಗ 22.56, ಅಂದ್ರೆ ಸುಮಾರು 2256. ಅದೇ ಚಿನ್ನ, ಅದೇ 45 ಡಿಗ್ರಿ, ಚುಕ್ಕಿ ಜಾಗ ಬದಲಾಯಿಸಿದ್ದಕ್ಕೆ 200 ಡಾಲರಿಗಿಂತ ಜಾಸ್ತಿ ವ್ಯತ್ಯಾಸ. ಮೊದಲ ಪ್ರಶ್ನೇಲಿ ಸ್ಕೇಲ್ ಇದ್ದ ಜಾಗದಲ್ಲಿ ಇಲ್ಲಿ ಗುಣಕ ಬಂದು ಕೂತಿದೆ, ಎರಡನ್ನೂ ಆರಿಸಿದ್ದು ನಾವೇ. ಇನ್ನು 11.25 ಡಿಗ್ರಿಗೊಂದು ಗೆರೆ ಇಟ್ಟಿರೋರಲ್ಲಿ 2025ರ ಆಸುಪಾಸಲ್ಲಿ ಸುಮಾರು 5.6 ಡಾಲರಿಗೊಂದು ಗೆರೆ ಬೀಳತ್ತೆ, ಚಿನ್ನ ಯಾವ ದಿನ ತಿರುಗಿದ್ರೂ ಯಾವುದೋ ಒಂದು ಗೆರೆ ಹತ್ರಾನೇ ತಿರುಗಿರತ್ತೆ. ನಿಮಗೆ ನಂಬಿಕೆ ಇದ್ರೆ ಒಂದು ಪರೀಕ್ಷೆ ಮಾಡಿ, ಅಷ್ಟೇ ಸಂಖ್ಯೆಯ ಗೆರೆಗಳನ್ನ ಕಣ್ಮುಚ್ಚಿ ಎಲ್ಲೆಂದ್ರಲ್ಲಿ ಹಾಕಿ ಅದೇ ರೋಬೋಟ್ ಓಡಿಸಿ, ಅದಕ್ಕಿಂತ ನಿಮ್ಮ ಗೆರೆ ಸ್ಪಷ್ಟವಾಗಿ ಗೆದ್ರೆ ಮಾತ್ರ ಅದರಲ್ಲಿ ಏನೋ ಇದೆ.

ಪ್ರಶ್ನೆ: ಗ್ಯಾನ್ ನಿಜವಾಗ್ಲೂ 100ಕ್ಕೆ 90 ಸಲ ಗೆಲ್ತಿದ್ನಾ?

ಆ ಮಾತು ಹುಟ್ಟಿದ್ದು 1909ರ ಅಕ್ಟೋಬರಲ್ಲಿ, 25 ಮಾರ್ಕೆಟ್ ದಿನ, 286 ಟ್ರೇಡ್, 264 ಲಾಭ, 22 ನಷ್ಟ ಅಂತ ಆಗಿನ ಒಂದು ಹಣಕಾಸು ಪತ್ರಿಕೆ ಬರೀತು. ಅದು ಒಂದು ತಿಂಗಳ ಲೆಕ್ಕ. ಆಮೇಲೆ ಅವನು ಪುಸ್ತಕ, ಕೋರ್ಸ್‌ಗಳನ್ನೂ ಮಾರ್ತಿದ್ದ. ಒಂದು ತಿಂಗಳು ನೋಡಿ ನಿಮ್ಮ ಉಳಿತಾಯ ಹಾಕ್ಬೇಡಿ.

ಪ್ರಶ್ನೆ: ನಮ್ಮಣ್ಣ "ಕೋನದ ರೋಬೋಟ್" ಅಂತ ಒಂದು ತಗೊಂಡಿದಾನೆ, 4 ತಿಂಗಳಿಂದ ದಿನಾ ಲಾಭ ತೋರಿಸ್ತಾನೆ, ಒಂದು ದಿನಾನೂ ಸೋತಿಲ್ಲ. ಈಗ ಅಪ್ಪನ ರಿಟೈರ್ಮೆಂಟ್ ದುಡ್ಡು ಹಾಕೋಣ ಅಂತಿದಾನೆ. ನನಗೆ ಹೆದರಿಕೆ ಆಗತ್ತೆ, ಏನು ಅಂತ ಹೇಳೋಕೆ ಗೊತ್ತಾಗ್ತಿಲ್ಲ.

ಅಮ್ಮಾ, ನಿಮ್ಮ ಹೆದರಿಕೆ ಸರಿಯಾಗಿದೆ. ಒಂದು ದಿನಾನೂ ಸೋಲದ ರೋಬೋಟ್ ಅಂದ್ರೆ ಸಾಮಾನ್ಯವಾಗಿ ಅದು ಸೋತ ಟ್ರೇಡನ್ನ ಮುಚ್ಚದೆ ಇಟ್ಕೊಂಡು, ಕೆಳಗೆ ಹೋದಷ್ಟೂ ಎರಡರಷ್ಟು ಕೊಳ್ತಾ ಹೋಗತ್ತೆ ಅಂತ ಅರ್ಥ, ಇದಕ್ಕೆ ಮಾರ್ಟಿಂಗೇಲ್ ಅಂತಾರೆ. ಕೋನದ ಹೆಸರು ಮೇಲಿನ ಬಣ್ಣ ಅಷ್ಟೇ. ಅಣ್ಣನ ಹತ್ರ ಟ್ರೇಡ್ ಹಿಸ್ಟರಿ ತೆಗೆಸಿ ಲಾಟ್ ಸೈಜ್ ಇರೋ ಕಾಲಂ ನೋಡಿ, 0.01, 0.02, 0.04, 0.08 ಅಂತ ಸಾಲಾಗಿ ಕಂಡ್ರೆ ಅದೇ.

ಲೆಕ್ಕ ಅವರ ಮುಂದೇನೇ ಹಾಕಿ ತೋರಿಸಿ. ಚಿನ್ನದಲ್ಲಿ 1 ಲಾಟ್ ಅಂದ್ರೆ 100 ಔನ್ಸ್, 0.01 ಅಂದ್ರೆ 1 ಔನ್ಸ್. 5 ಡಾಲರ್ ಬಿದ್ದಾಗೆಲ್ಲ ಎರಡರಷ್ಟು ಕೊಂಡ್ರೆ, 8 ಸಲ ಆಗೋ ಹೊತ್ತಿಗೆ ಬೆಲೆ ಬಿದ್ದಿರೋದು 35 ಡಾಲರ್, ಕೈಲಿರೋದು 255 ಔನ್ಸ್, ನಷ್ಟ 1235 ಡಾಲರ್. ಅಲ್ಲಿಂದ ಇನ್ನೂ ಬರೀ 10 ಡಾಲರ್ ಬಿದ್ರೆ ಮತ್ತೆ 2550, ಒಟ್ಟು 3785. ಶುರು ಮಾಡಿದ್ದು 1 ಔನ್ಸಿಂದ ಅನ್ನೋದು ನೆನಪಿರ್ಲಿ. 2013ರ ಏಪ್ರಿಲ್ 15ರಂದು ಚಿನ್ನ ಒಂದೇ ದಿನದಲ್ಲಿ ಸುಮಾರು 140 ಡಾಲರ್ ಬಿದ್ದಿತ್ತು. ಕರೆನ್ಸೀಲೂ ಹಾಗೇ, 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಸೆಂಟ್ರಲ್ ಬ್ಯಾಂಕು ಯೂರೋಗೆ 1.20 ಫ್ರಾಂಕ್ ಅನ್ನೋ ಕನಿಷ್ಠ ಮಿತಿ ತೆಗೆದುಹಾಕಿದಾಗ ಬೆಲೆ ನಿಮಿಷಗಳಲ್ಲಿ 1ಕ್ಕಿಂತ ಕೆಳಗೆ ಹೋಯ್ತು, ಸ್ಟಾಪ್‌ಲಾಸ್ (ಇಷ್ಟು ಬಿದ್ರೆ ತಾನಾಗೇ ಟ್ರೇಡ್ ಮುಚ್ಚೋ ಆರ್ಡರ್) ಇಟ್ಟವರಿಗೂ ಇಟ್ಟ ಬೆಲೆಗೆ ಟ್ರೇಡ್ ಮುಚ್ಚೋಕೆ ಆಗ್ಲಿಲ್ಲ.

ಅಣ್ಣನ ಜೊತೆ ಜಗಳ ಬೇಡ, ಅಪ್ಪನ ಎದುರು ಅವಮಾನ ಅಂತೂ ಮಾಡ್ಲೇಬೇಡಿ, ಆಗ ಹಠ ಬಂದ್ಬಿಡತ್ತೆ. ಒಂದೇ ಕೇಳಿ: ಅಕೌಂಟಲ್ಲಿ ಬ್ಯಾಲೆನ್ಸ್ ಪಕ್ಕದಲ್ಲಿ ಈಕ್ವಿಟಿ ಅಂತ ಇರೋ ನಂಬರ್ ದಿನಾ ತೋರಿಸು ಅಂತ. ಬ್ಯಾಲೆನ್ಸ್ ಮುಚ್ಚಿದ ಟ್ರೇಡ್‌ಗಳ ಲೆಕ್ಕ, ತೆರೆದಿರೋ ನಷ್ಟ ಕಾಣೋದು ಈಕ್ವಿಟೀಲಿ. ಜೊತೆಗೆ, ಯುರೋಪಿನ ಮಾರ್ಕೆಟ್ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಥರದ ಸಿಎಫ್‌ಡಿ (ವಸ್ತು ಕೊಳ್ಳದೆ ಬೆಲೆಯ ಏರಿಳಿತದ ಮೇಲೆ ಮಾತ್ರ ಮಾಡೋ) ಟ್ರೇಡಿಂಗಲ್ಲಿ ಸಾಮಾನ್ಯ ಜನರ ಅಕೌಂಟ್‌ಗಳಲ್ಲಿ 74ರಿಂದ 89 ಪರ್ಸೆಂಟ್ ನಷ್ಟದಲ್ಲಿವೆ ಅಂತ ಹೇಳಿ, ಚಿನ್ನಕ್ಕೆ ಲೆವರೇಜ್ (ಹಾಕಿದ ದುಡ್ಡಿನ ಎಷ್ಟು ಪಟ್ಟು ಟ್ರೇಡ್ ಮಾಡಬಹುದು ಅನ್ನೋದು) 20 ಪಟ್ಟು, ಮುಖ್ಯ ಕರೆನ್ಸಿಗಳಿಗೆ 30 ಪಟ್ಟು ಅಂತ ಮಿತಿ ಹಾಕ್ತು. ಅಣ್ಣನ ಅಕೌಂಟಲ್ಲಿ ಲೆವರೇಜ್ ಎಷ್ಟಿದೆ ಕೇಳಿ, 500 ಪಟ್ಟು ಅಂದ್ರೆ ಆ ರಿಟೈರ್ಮೆಂಟ್ ದುಡ್ಡಿನ ಪಾಸ್‌ಬುಕ್ ನೀವೇ ಇಟ್ಕೊಳ್ಳಿ.

ಪ್ರಶ್ನೆ: ರೋಬೋಟ್ ಓಡೋಕೆ ಕಂಪ್ಯೂಟರ್ ಯಾವಾಗ್ಲೂ ಆನ್ ಇರ್ಬೇಕಾ?

ಹೌದು, ಮೆಟಾಟ್ರೇಡರಲ್ಲಿ ರೋಬೋಟ್ ಓಡೋದು ನಿಮ್ಮ ಟರ್ಮಿನಲಲ್ಲಿ, ಕರೆಂಟ್ ಹೋದ್ರೆ ಅದೂ ನಿಲ್ಲತ್ತೆ, ಅದಕ್ಕೇ ಜನ ಬಾಡಿಗೆ ಸರ್ವರ್ ತಗೋತಾರೆ. ಮಾಮೂಲಿ ಸ್ಟಾಪ್‌ಲಾಸ್ ಬ್ರೋಕರ್ ಸರ್ವರಲ್ಲಿ ಕೂತಿರತ್ತೆ, ನೀವು ಆಫ್ ಆದ್ರೂ ಕೆಲಸ ಮಾಡತ್ತೆ. ಆದ್ರೆ 1×1 ಗೆರೆ ಜೊತೆ ದಿನಾ ಮೇಲೆ ಸರೀತಾ ಹೋಗೋ ಸ್ಟಾಪ್ ಸರಿಯೋದು ರೋಬೋಟ್ ಎದ್ದಿದ್ದಾಗ ಮಾತ್ರ. ಹಾಗಾಗಿ ಟ್ರೇಡ್ ಶುರು ಮಾಡೋ ಆರ್ಡರ್ ಜೊತೇಲೇ ಒಂದು ಗಟ್ಟಿ ಸ್ಟಾಪ್ ಹೋಗ್ಬೇಕು, ಆಮೇಲೆ ಹಾಕ್ತೀನಿ ಅನ್ನೋ ಕೋಡ್ ಇದ್ರೆ ಬರೆದವರಿಗೆ ವಾಪಸ್ ಕೊಟ್ಟು ಸರಿ ಮಾಡಿಸಿ.