ಮರಗಳ ನಡುವೆ ಶಿಲ್ಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಸ್ಯೋದ್ಯಾನಗಳಲ್ಲಿ ಬಯಲಿಗೆ ಇಟ್ಟು ತೋರಿಸುವ ಶಿಲ್ಪಗಳ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಲಂಡನ್ನಿನ ಕ್ಯೂ ಉದ್ಯಾನವನ್ನು ನೋಡಿ ಬಂದವರವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಕ್ಯೂ ಉದ್ಯಾನಕ್ಕೆ ಹೋಗಿದ್ದೆ. ಅಪರೂಪದ ಮರಗಳನ್ನು ಕಾಣುವ ಆಸೆಯಿಂದ ಹೋದವನಿಗೆ ಅಲ್ಯೂಮಿನಿಯಂ ತುಂಡುಗಳಿಂದ ಕಟ್ಟಿದ ದೊಡ್ಡದೊಂದು ಗೂಡು ಎದುರಾಯಿತು. ಸಸ್ಯಗಳನ್ನು ಬೆಳೆಸಿ ಅಧ್ಯಯನ ಮಾಡಬೇಕಾದ ಜಾಗದಲ್ಲಿ ಇಂಥವಕ್ಕೆ ಏನು ಕೆಲಸ? (ಮೈಸೂರಿನ ಓದುಗರು)

ಉತ್ತರ: ನೀವು ನೋಡಿದ್ದು ‘ದಿ ಹೈವ್’, ಅಂದರೆ ಜೇನುಗೂಡು ಎಂಬ ಹೆಸರಿನ ಶಿಲ್ಪ. ಕಲಾವಿದ ವೂಲ್ಫ್‌ಗ್ಯಾಂಗ್ ಬಟ್ರೆಸ್ 2015ರ ಮಿಲಾನ್ ವಿಶ್ವಮೇಳದಲ್ಲಿ ಬ್ರಿಟನ್ನಿನ ಮಂಟಪಕ್ಕಾಗಿ ಇದನ್ನು ರೂಪಿಸಿದರು. ಮೇಳ ಮುಗಿದ ಮೇಲೆ ಬಿಚ್ಚಿ ತಂದು 2016ರಲ್ಲಿ ಕ್ಯೂನಲ್ಲಿ ಮತ್ತೆ ನಿಲ್ಲಿಸಲಾಯಿತು. ಎತ್ತರ 17 ಮೀಟರ್, ಬಿಡಿಭಾಗಗಳು ಸುಮಾರು 1,70,000, ಒಳಗೆ ಸುಮಾರು 1,000 ಎಲ್‌ಇಡಿ ದೀಪಗಳು. ಆ ದೀಪಗಳು ತಮ್ಮಷ್ಟಕ್ಕೆ ಮಿನುಗುವುದಿಲ್ಲ. ಉದ್ಯಾನದಲ್ಲಿರುವ ನಿಜವಾದ ಜೇನುಪೆಟ್ಟಿಗೆಯೊಂದರಲ್ಲಿ ಕಂಪನವನ್ನು ಅಳೆಯುವ ಸಾಧನಗಳನ್ನು ಇರಿಸಿದ್ದು, ಅಲ್ಲಿ ಹುಳುಗಳ ಚಟುವಟಿಕೆ ಏರಿದಂತೆ ಇಲ್ಲಿ ಬೆಳಕೂ ನಾದವೂ ಏರುತ್ತವೆ, ಅಲ್ಲಿ ತಣ್ಣಗಾದರೆ ಇಲ್ಲಿಯೂ ತಗ್ಗುತ್ತವೆ.

ಅವಸರದಲ್ಲಿ ಸುತ್ತಿದವರು ಅಲ್ಲಿಯ ಒಂದು ಪುಟ್ಟ ವ್ಯವಸ್ಥೆಯನ್ನು ಗಮನಿಸದೆ ಬರುವುದುಂಟು. ಒಂದು ಮರದ ಕಡ್ಡಿಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಅದರ ಇನ್ನೊಂದು ತುದಿಯನ್ನು ಅದಕ್ಕೆಂದೇ ಇರುವ ಕಂಬಕ್ಕೆ ತಾಗಿಸಿ, ಎರಡೂ ಕಿವಿಗಳನ್ನು ಮುಚ್ಚಿಕೊಂಡರೆ, ಜೇನುಹುಳುಗಳು ಒಂದಕ್ಕೊಂದು ಕಳುಹಿಸುವ ಸಂಕೇತಗಳ ಕಂಪನ ದವಡೆಯ ಮೂಳೆಯ ಮೂಲಕ ತಲೆಯೊಳಗೆ ಬಂದಿಳಿಯುತ್ತದೆ. ಗೂಡಿನ ಕತ್ತಲೆಯಲ್ಲಿ ಹುಳುಗಳು ನೆಚ್ಚಿಕೊಳ್ಳುವುದೂ ಎರಿಯಲ್ಲಿ ಹರಿಯುವ ಇಂಥ ಅದಿರಾಟವನ್ನೇ. ಶಿಲ್ಪದ ಸುತ್ತ ಬೆಳೆಸಿರುವುದು ಕಾಡುಹೂಗಳ ಹುಲ್ಲುಗಾವಲು. ಆದ್ದರಿಂದ ಈ ಗೂಡು ಸಸ್ಯಗಳ ವಿಷಯವನ್ನು ಬಿಟ್ಟು ಬೇರೆ ಮಾತಾಡುತ್ತಿದೆ ಎಂದು ನಮಗೆ ಅನ್ನಿಸುವುದಿಲ್ಲ. ಪರಾಗಸ್ಪರ್ಶವಿಲ್ಲದೆ ಆ ಹುಲ್ಲುಗಾವಲಿನಲ್ಲಿ ಮುಂದಿನ ವರ್ಷಕ್ಕೆ ಬೀಜವೆಲ್ಲಿಯದು?

ಹಾಗೆಂದು ನಿಮ್ಮ ಆಕ್ಷೇಪವನ್ನು ತಳ್ಳಿಹಾಕಲೂ ಆಗದು. ಟಿಕೆಟ್ ಮಾರಾಟ ಹೆಚ್ಚಲಿ ಎಂಬ ಒಂದೇ ಕಾರಣಕ್ಕೆ ಹೊಳೆಯುವ ವಸ್ತುಗಳನ್ನು ತಂದಿಡುವ ಉದ್ಯಾನಗಳಿವೆ. ನಾವು ಇಟ್ಟುಕೊಂಡಿರುವ ಒರೆಗಲ್ಲು ಇಷ್ಟೇ: ಶಿಲ್ಪವನ್ನು ನೋಡಿದವರು ತಿರುಗಿ ಪಕ್ಕದ ಮರವನ್ನೂ ನೋಡುತ್ತಾರೆಯೇ? 2007ರ ಸೆಪ್ಟೆಂಬರಿನಿಂದ 2008ರ ಮಾರ್ಚ್‌ವರೆಗೆ ಹೆನ್ರಿ ಮೂರ್ ಅವರ 28 ದೊಡ್ಡ ಶಿಲ್ಪಗಳು ಇದೇ ಕ್ಯೂನಲ್ಲಿ ಮರಗಳ ನಡುವೆ ನಿಂತಿದ್ದವು. ಯಾರ್ಕ್‌ಷೈರಿನ ಗಣಿ ಕಾರ್ಮಿಕನ ಮಗನಾಗಿ 1898ರಲ್ಲಿ ಹುಟ್ಟಿದ ಮೂರ್, ಬೆಣಚುಕಲ್ಲು, ಎಲುಬು, ಚಿಪ್ಪುಗಳನ್ನು ಆಯ್ದು ತಂದು ಅವುಗಳ ತಿರುವುಗಳಿಂದಲೇ ತಮ್ಮ ಒರಗಿದ ಮಾನವಾಕೃತಿಗಳನ್ನು ಕಂಡುಕೊಂಡವರು. ಆ ಆಕೃತಿಗಳ ಮೈಯಲ್ಲಿ ಆಚೆಯಿಂದೀಚೆಗೆ ತೆರೆದ ಕಂಡಿಗಳಿರುತ್ತವೆ. ವಸ್ತುಸಂಗ್ರಹಾಲಯದಲ್ಲಿ ಆ ಕಂಡಿಯೊಳಗೆ ಕಾಣುವುದು ಸುಣ್ಣ ಬಳಿದ ಗೋಡೆ. ಉದ್ಯಾನದಲ್ಲಾದರೆ ಒಂದು ರೆಂಬೆ, ಅದರಾಚೆ ಮೋಡ. ಎಲೆ ಹಣ್ಣಾಗುವ ಮೊದಲೇ ಆರಂಭವಾಗಿ, ಬೋಳು ಕೊಂಬೆಗಳ ಚಳಿಗಾಲವನ್ನು ದಾಟಿ, ಚಿಗುರುವ ಹೊತ್ತಿಗೆ ಮುಗಿದ ಆ ಪ್ರದರ್ಶನದಲ್ಲಿ ಒಂದೇ ಶಿಲ್ಪವನ್ನು ಮೂರು ಸಲ ಹೋಗಿ ನೋಡಲು ಕಾರಣವಿತ್ತು.

ಪ್ರಶ್ನೆ: ಟನ್‌ಗಟ್ಟಲೆ ತೂಗುವ ಕಂಚನ್ನು ಹಳೆಯ ಮರಗಳ ಬಳಿ ತಂದಿಟ್ಟರೆ ಬೇರುಗಳಿಗೆ ಪೆಟ್ಟಾಗುವುದಿಲ್ಲವೇ? ನಾನು ತೋಟಗಾರಿಕೆಯಲ್ಲಿ ಇದ್ದವನಾದ್ದರಿಂದ ಕೇಳುತ್ತಿದ್ದೇನೆ. (ಶಿರಸಿಯ ಓದುಗರು)

ಉತ್ತರ: ಆಗುತ್ತದೆ, ಎಚ್ಚರ ತಪ್ಪಿದರೆ. ಶಿಲ್ಪದ ತೂಕಕ್ಕಿಂತ ಅದನ್ನು ತರುವ ಕ್ರೇನು, ಲಾರಿಗಳ ಚಕ್ರ ಮತ್ತು ಅದನ್ನು ನೋಡಲು ಬರುವ ಸಾವಿರಾರು ಜನರ ಕಾಲ್ತುಳಿತ ಹೆಚ್ಚು ಅಪಾಯಕಾರಿ. ಮರಕ್ಕೆ ನೀರು, ಸತ್ವಗಳನ್ನು ಒದಗಿಸುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲುಮಣ್ಣಿನಲ್ಲೇ ಇದ್ದು, ಕೊಂಬೆಗಳ ನೆರಳನ್ನು ದಾಟಿ ಆಚೆಗೂ ಹರಡಿರುತ್ತವೆ ಎಂಬುದು ನಿಮಗೆ ತಿಳಿದದ್ದೇ. ಮಣ್ಣು ಗಟ್ಟಿಯಾಗಿ ಕುಳಿತರೆ ಆ ಬೇರುಗಳಿಗೆ ಗಾಳಿ ಸಿಗದು, ಮಳೆಯ ನೀರು ಕೆಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ.

ಈ ವಿಷಯದಲ್ಲಿ ಕ್ಯೂ ಉದ್ಯಾನಕ್ಕೆ ಪಾಠ ಹೇಳಿದ್ದು ಒಂದು ಬಿರುಗಾಳಿ. 1987ರ ಅಕ್ಟೋಬರ್ 16ರ ಬೆಳಗಿನ ಜಾವ ಬೀಸಿದ ಗಾಳಿಗೆ ಅಲ್ಲಿ ಸುಮಾರು 700 ಮರಗಳು ಉರುಳಿದವು. 1798ರಲ್ಲಿ ನೆಟ್ಟ ‘ಟರ್ನರ್ಸ್ ಓಕ್’ ಎಂಬ ಮರವನ್ನು ಗಾಳಿ ಬೇರುಮುದ್ದೆಯ ಸಮೇತ ಮೇಲೆತ್ತಿ ಅದೇ ಗುಂಡಿಯಲ್ಲಿ ಮತ್ತೆ ಕೂರಿಸಿಬಿಟ್ಟಿತು. ಮೊದಲೇ ಸೊರಗುತ್ತಿದ್ದ ಮರ ಇನ್ನು ಉಳಿಯದೆಂದು ಊರೆಗೋಲು ಕೊಟ್ಟು ಬಿಟ್ಟಿದ್ದರು. ಎರಡು ಮೂರು ವರ್ಷಗಳಲ್ಲಿ ನೋಡಿದರೆ ಅದು ಹೊಸ ಚಿಗುರು ತುಂಬಿಕೊಂಡು ಹಿಂದೆಂದೂ ಇಲ್ಲದಂತೆ ಬೆಳೆಯುತ್ತಿತ್ತು. ಸಂದರ್ಶಕರು ತಲೆಮಾರುಗಳಿಂದ ತುಳಿದು ಗಟ್ಟಿಯಾಗಿಸಿದ್ದ ಮಣ್ಣನ್ನು ಗಾಳಿ ಒಂದೇ ಏಟಿಗೆ ಸಡಿಲಿಸಿತ್ತು. ಆ ಮೇಲೆ ಹಳೆಯ ಮರಗಳ ಬುಡಕ್ಕೆ ಒತ್ತಡದಿಂದ ಗಾಳಿ ಹಾಯಿಸಿ ಮಣ್ಣನ್ನು ಬಿಡಿಸುವ ಕ್ರಮ ಅಲ್ಲಿ ರೂಢಿಗೆ ಬಂತು.

ಹಾಗಾಗಿ ಒಳ್ಳೆಯ ಉದ್ಯಾನದಲ್ಲಿ ಶಿಲ್ಪದ ಜಾಗವನ್ನು ಶಿಲ್ಪಿ ಒಬ್ಬನೇ ಗೊತ್ತುಮಾಡುವಂತಿಲ್ಲ. ಮರಗಳ ಮೇಲ್ವಿಚಾರಕನೂ ಒಪ್ಪಬೇಕು. ನೆರಳಿನ ಅಂಚಿನಿಂದ ದೂರ ಸರಿಯುವುದು, ಯಂತ್ರ ಸಾಗುವ ದಾರಿಗೆ ದಪ್ಪ ಹಲಗೆ ಹಾಸಿ ಭಾರವನ್ನು ಹಂಚುವುದು, ಆಳವಾದ ಪಾಯ ತೋಡುವ ಬದಲು ಅಗಲವಾದ ತಳದ ಮೇಲೆ ಕೂರಿಸುವುದು, ಮಣ್ಣು ಹಸಿಯಾಗಿರುವಾಗ ಕೆಲಸವನ್ನೇ ಮುಂದೂಡುವುದು, ಇವೆಲ್ಲ ಅಲ್ಲಿ ಸಾಮಾನ್ಯ ನಡಾವಳಿ. ನಮ್ಮ ಊರಿನ ಪಾರ್ಕುಗಳಲ್ಲಿ ಪ್ರತಿಮೆಗೆಂದು ಮರದ ಬುಡದವರೆಗೂ ಕಾಂಕ್ರೀಟ್ ಸುರಿಯುವವರು ಈ ಸಾಲನ್ನು ಎರಡು ಸಲ ಓದಲಿ.

ಪ್ರಶ್ನೆ: ಬಯಲಿನಲ್ಲಿರುವ ಕಂಚಿನ ಶಿಲ್ಪಗಳೆಲ್ಲ ಕಿಲುಬು ಹಿಡಿದು ಹಸಿರಾಗಿರುತ್ತವೆ. ನಾವು ಮನೆಯಲ್ಲಿ ದೀಪಗಳನ್ನು ಹುಣಸೆಹಣ್ಣು ಹಾಕಿ ಬೆಳಗುವಂತೆ ಅವನ್ನೂ ಬೆಳಗಬಾರದೇಕೆ? (ಧಾರವಾಡದ ಓದುಗರು)

ಉತ್ತರ: ಬೆಳಗಿದರೆ ಶಿಲ್ಪಿ ಬಯಸಿದ ಬಣ್ಣವೇ ಹೋಗಿಬಿಡುತ್ತದೆ. ಕಂಚೆಂದರೆ ಮುಖ್ಯವಾಗಿ ತಾಮ್ರ ಮತ್ತು ತವರ. ಅಚ್ಚಿನಿಂದ ಹೊರಬಂದಾಗ ಅದು ಹೊಂಬಣ್ಣದಲ್ಲೇ ಇರುತ್ತದೆ. ಆ ಮೇಲೆ ಬಿಸಿ ಮಾಡಿ ರಾಸಾಯನಿಕಗಳನ್ನು ಹಚ್ಚಿ ಕಂದು, ಕಪ್ಪು, ಹಸಿರು ಛಾಯೆಗಳನ್ನು ಬೇಕೆಂದೇ ತರಿಸುತ್ತಾರೆ. ಗಾಳಿ, ಮಳೆಗಳು ಅದರ ಮೇಲೆ ನಿಧಾನವಾಗಿ ಇನ್ನೊಂದು ಪದರವನ್ನು ಕಟ್ಟುತ್ತವೆ. ಗಟ್ಟಿಯಾಗಿ ಅಂಟಿಕೊಂಡ ಈ ಪದರ ಒಳಗಿನ ಲೋಹಕ್ಕೆ ಕಾಪು. ಹುಣಸೆಯ ಹುಳಿ ಅದನ್ನೇ ಕರಗಿಸುವುದರಿಂದ, ದೇವರ ದೀಪಕ್ಕೆ ಒಳ್ಳೆಯದಾದ ಉಪಾಯ ಇಲ್ಲಿ ಕೆಡುಕು ಮಾಡುತ್ತದೆ. ಆದರೆ ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರಿನ ಚುಕ್ಕೆಗಳು ಕಂಡರೆ ಅದು ಬೇರೆಯೇ ರೋಗ. ಕ್ಲೋರೈಡ್ ಲವಣಗಳು ಲೋಹವನ್ನು ಒಳಗಿನಿಂದ ತಿನ್ನುತ್ತಿವೆ ಎಂದರ್ಥ, ಕೂಡಲೇ ಚಿಕಿತ್ಸೆಯಾಗಬೇಕು. ವಾಡಿಕೆಯ ಆರೈಕೆಯೆಂದರೆ ಮೃದುವಾಗಿ ತೊಳೆದು, ಒಣಗಿಸಿ, ಮೇಣ ಸವರಿ ಬಟ್ಟೆಯಿಂದ ಉಜ್ಜುವುದು.

ಮೇಣದ ಮಾತು ಬಂದುದರಿಂದ ಹೇಳುತ್ತೇವೆ: ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಪೊಳ್ಳಿಗೆ ಲೋಹ ಎರೆಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಎಷ್ಟು ಲೋಹ ಬೇಕೆಂದು ತಿಳಿಯಲು ಮೇಣವನ್ನು ಮೊದಲೇ ತೂಗಿಕೊಳ್ಳಬೇಕೆಂಬ ಸೂಚನೆಯೂ ಅಲ್ಲಿದೆ.

ಬಯಲಿಗೆ ಎಲ್ಲ ವಸ್ತುವೂ ಒಗ್ಗುವುದಿಲ್ಲ. ಕ್ಯೂನ ತಾಳೆಮನೆಯ ಮುಂದೆ ಗುರಾಣಿ ಹಿಡಿದು ಸಾಲಾಗಿ ಕುಳಿತಿರುವ ಹತ್ತು ‘ರಾಣಿಯ ಮೃಗ’ಗಳನ್ನು ನೀವು ನೋಡಿರಬಹುದು. ಶಿಲ್ಪಿ ಜೇಮ್ಸ್ ವುಡ್‌ಫರ್ಡ್ ಅವನ್ನು 1953ರಲ್ಲಿ ರಾಣಿ ಎಲಿಜಬೆತ್ ಅವರ ಪಟ್ಟಾಭಿಷೇಕಕ್ಕೆಂದು ಮೊದಲು ಮಾಡಿದ್ದು ಪ್ಲಾಸ್ಟರಿನಲ್ಲಿ. ಅವು ಇಂಗ್ಲೆಂಡಿನ ಮಳೆಗೆ ನಿಲ್ಲುವಂಥವಲ್ಲ. ಉದ್ಯಾನದಲ್ಲಿರುವುದು ಅವರೇ ಪೋರ್ಟ್‌ಲೆಂಡ್ ಕಲ್ಲಿನಲ್ಲಿ ಕಡೆದ ಪ್ರತಿಗಳು.

ಪ್ರಶ್ನೆ: ಮಕ್ಕಳು ಶಿಲ್ಪಗಳನ್ನು ಮುಟ್ಟಿದರೆ ತಪ್ಪೇ? (ತುಮಕೂರಿನ ಓದುಗರು)

ಉತ್ತರ: ಫಲಕ ಬೇಡವೆಂದಿದ್ದರೆ ಬೇಡ. ಕೈಯ ಜಿಡ್ಡು, ಬೆವರು ಮೇಣದ ಪದರವನ್ನು ಸವೆಸಿ, ಎಲ್ಲರೂ ಮುಟ್ಟುವ ಮೂಗು, ಮಂಡಿಗಳು ಮಾತ್ರ ಹಿತ್ತಾಳೆಯಂತೆ ಹೊಳೆಯತೊಡಗುತ್ತವೆ. ಹೆನ್ರಿ ಮೂರ್ ಅವರ ‘ಶೀಪ್ ಪೀಸ್’ ಇದಕ್ಕೆ ಹೊರತು: ಅವರು ನೆಲೆಸಿದ್ದ ಪೆರ‍್ರಿ ಗ್ರೀನ್ ಹಳ್ಳಿಯ ಹೊಲದಲ್ಲಿರುವ ಆ ದೊಡ್ಡ ಕಂಚಿಗೆ ಕುರಿಗಳು ಬಂದು ಮೈ ಉಜ್ಜಿಕೊಳ್ಳುತ್ತವೆ, ಅದರ ನೆರಳಲ್ಲೇ ಮಲಗುತ್ತವೆ. ಅವುಗಳಿಗೆ ಫಲಕವಿಲ್ಲ.

ಪ್ರಶ್ನೆ: ಇಂಥ ಪ್ರದರ್ಶನ ನಮ್ಮ ಲಾಲ್‌ಬಾಗಿನಲ್ಲಿ ಏಕೆ ಆಗಬಾರದು? (ಬೆಂಗಳೂರಿನ ಇಬ್ಬರು ಓದುಗರು)

ಉತ್ತರ: ಆಗಬಹುದು. ಲಾಲ್‌ಬಾಗಿಗೂ ಕ್ಯೂಗೂ ಹಳೆಯ ನಂಟಿದೆ. 19ನೆಯ ಶತಮಾನದಲ್ಲಿ ಅದನ್ನು ನೋಡಿಕೊಂಡ ವಿಲಿಯಂ ನ್ಯೂ, ಜಾನ್ ಕ್ಯಾಮರಾನ್, 1908ರಲ್ಲಿ ಬಂದ ಕೃಂಬಿಗಲ್, ಮೂವರೂ ಕ್ಯೂನಲ್ಲಿ ಪಳಗಿದವರು. ಕುದುರೆಯೇರಿದ ಚಾಮರಾಜೇಂದ್ರ ಒಡೆಯರ ಪ್ರತಿಮೆ ಲಾಲ್‌ಬಾಗಿನಲ್ಲಿದೆ, ಆದರೆ ಅದು ಸ್ಮಾರಕ. ಊರ ಚೌಕದಲ್ಲಿದ್ದರೂ ಅದರ ಅರ್ಥ ಬದಲಾಗದು. ಫಲಪುಷ್ಪ ಪ್ರದರ್ಶನಗಳಲ್ಲಿ ಗಾಜಿನ ಮನೆಯೊಳಗೆ ಹೂ ಚುಚ್ಚಿ ಮಾಡುವ ಕಟ್ಟಡಗಳ ಮಾದರಿಗಳನ್ನು ಜನ ಮುಗಿಬಿದ್ದು ನೋಡುತ್ತಾರೆ. ಅಲ್ಲಿ ಹೂವು ಬರಿಯ ಬಣ್ಣದ ಇಟ್ಟಿಗೆಯಾಗಿಬಿಡುತ್ತದೆ ಎಂಬುದು ನಮ್ಮ ತಕರಾರು.

ಮಳೆಗಾಲದಲ್ಲಿ ಉರುಳಿದ ಮರದ ದಿಮ್ಮಿಗಳನ್ನು ಅಲ್ಲೇ ಕೆತ್ತಿ, ಗೆದ್ದಲು ಹತ್ತದಂತೆ ನೆಲದಿಂದ ಎತ್ತರಿಸಿ, ಅದು ಯಾವ ಜಾತಿಯ ಮರವೆಂದು ಬರೆದಿಟ್ಟರೆ ಶಿಲ್ಪವೂ ಆಯಿತು, ಸಸ್ಯಪಾಠವೂ ಆಯಿತು. ಕಲ್ಲಿನಲ್ಲೂ ಮಾಡಬಹುದು, ನಮ್ಮ ಕಣಶಿಲೆ ಮಳೆಬಿಸಿಲಿಗೆ ಅಷ್ಟು ಬೇಗ ಸೋಲುವುದಲ್ಲ. ಆದರೆ ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಮಾತ್ರ ಯಾರೂ ಏನನ್ನೂ ಇಡದಿರಲಿ. ಸುಮಾರು 300 ಕೋಟಿ ವರ್ಷಗಳ ಆ ಶಿಲೆಯ ಪಕ್ಕದಲ್ಲಿ ಯಾವ ಶಿಲ್ಪವೂ ಆಟದ ಸಾಮಾನಿನಂತೆ ಕಾಣುತ್ತದೆ.

ಪ್ರಶ್ನೆ: ಬಯಲು ಶಿಲ್ಪಗಳನ್ನು ನೋಡಲು ಯಾವ ಹೊತ್ತು ಸೂಕ್ತ? (ಉಡುಪಿಯ ಓದುಗರು)

ಉತ್ತರ: ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ, ಓರೆಬಿಸಿಲಿನಲ್ಲಿ ಉಬ್ಬುತಗ್ಗುಗಳಿಗೆ ನೆರಳು ಬೀಳುತ್ತದೆ. ನಡುಮಧ್ಯಾಹ್ನ ಬೇಡ. ಮಳೆ ಬಂದರೆ ಓಡಿಹೋಗದೆ ಕೊಡೆ ಬಿಚ್ಚಿಕೊಂಡು ನಿಲ್ಲಿ: ಒದ್ದೆಯಾದ ಕಂಚು ಕಪ್ಪಿಗೆ ತಿರುಗುತ್ತದೆ, ಶಿಲ್ಪಿ ಉಳಿಸಿದ ಉಳಿಯ ಗೀರುಗಳಲ್ಲಿ ನೀರಿಳಿಯುವುದು ಆಗ ಕಾಣುತ್ತದೆ.