ಪೋಲಿಯೊ ಕಾಲಿಗೆ ವ್ಯಾಯಾಮ: ಎಷ್ಟು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು?

ಪ್ರಶ್ನೆ: ನನಗೆ 46 ವರ್ಷ. ಇಳಕಲ್‌ನ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಎರಡು ವರ್ಷದವನಿದ್ದಾಗ ಪೋಲಿಯೊ ಆಗಿ ಬಲಗಾಲು ಸಣ್ಣದಾಯಿತು. ತೊಡೆಯ ಮೇಲೆ ಕೈ ಊರಿಕೊಂಡು ಇಷ್ಟು ವರ್ಷ ಆರಾಮಾಗಿ ಓಡಾಡಿದೆ. ಈಚೆಗೆ ಮಧ್ಯಾಹ್ನಕ್ಕೇ ಸುಸ್ತು, ಬಲಭುಜ ನೋವು, ಚೆನ್ನಾಗಿದ್ದ ಎಡಗಾಲಿನಲ್ಲೂ ಮೊದಲಿನ ಕಸುವಿಲ್ಲ. ಜಿಮ್‌ನ ಹುಡುಗ, ‘ಕಾಲು ನಡಗೂತನಕ ಮಾಡ್ರಿ, ತಾನ ಗಟ್ಟಿ ಆಗತೈತಿ’ ಅನ್ನುತ್ತಾನೆ. ಮನೆಯಲ್ಲಿ ಏನೂ ಬೇಡ, ಸುಮ್ಮನೆ ಕೂಡ್ರಿ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಫಿಸಿಯೊಥೆರಪಿ ಶುರು ಮಾಡಿದರೆ ಉಪಯೋಗವಿದೆಯೇ? ಎಲ್ಲಿಗೆ ಹೋಗಲಿ?

ಉತ್ತರ: ಉಪಯೋಗ ಖಂಡಿತ ಇದೆ. ಆದರೆ ಜಿಮ್ ಹುಡುಗನ ಮಾತು ಬೇಡ, ಮನೆಯವರ ಮಾತೂ ಪೂರ್ತಿ ಬೇಡ.

ಪೋಲಿಯೊ ವೈರಸ್ ಸ್ನಾಯುವನ್ನಲ್ಲ, ಬೆನ್ನುಹುರಿಯಲ್ಲಿರುವ, ಸ್ನಾಯುವನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಉಳಿದ ನರಕೋಶಗಳು ಹೊಸ ಕವಲೊಡೆದು, ದಿಕ್ಕಿಲ್ಲದ ಸ್ನಾಯು ಎಳೆಗಳನ್ನೂ ತಾವೇ ನೋಡಿಕೊಳ್ಳುತ್ತವೆ. ಜೋಡಿ ಎತ್ತಿನ ಗಳೆಯನ್ನು ಒಂಟಿ ಎತ್ತು ಎಳೆದ ಹಾಗೆ. ನಲವತ್ತು ವರ್ಷ ಎಳೆದ ಮೇಲೆ ಅವು ದಣಿಯುತ್ತವೆ. ಪೋಲಿಯೊ ಆಗಿ ಹದಿನೈದು ವರ್ಷವೋ ಅದಕ್ಕೂ ಬಹಳ ತಡವಾಗಿಯೋ ಬರುವ ಈ ಹೊಸ ನಿಶ್ಶಕ್ತಿಗೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎನ್ನುತ್ತಾರೆ. ರೋಗ ಮರಳಿ ಬಂತೆಂಬ ಹೆದರಿಕೆ ಬೇಡ, ಇದು ಯಾರಿಗೂ ಅಂಟುವುದಿಲ್ಲ. ಎಡಗಾಲಿನ ನರಕೋಶಗಳಲ್ಲೂ ಒಂದಿಷ್ಟು ಆಗಲೇ ಹೋಗಿರಬಹುದು, ಹೊರಗೆ ಕಂಡಿರಲಿಕ್ಕಿಲ್ಲ ಅಷ್ಟೆ.

ಹಾಗಂತ ಎಲ್ಲ ಸುಸ್ತನ್ನೂ ಪೋಲಿಯೊ ತಲೆಗೆ ಕಟ್ಟಬೇಡಿ. ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಅಂತ ಇಲ್ಲ. ಬೇರೆ ಕಾರಣಗಳಿಲ್ಲವೆಂದು ನೋಡಿಕೊಂಡೇ ವೈದ್ಯರು ಹೇಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ ಮೊದಲು ಆಗಲಿ. ಮಲಗಿದಾಗ ಉಸಿರು ಕಟ್ಟಿದಂತಾದರೆ, ನುಂಗುವಾಗ ನೆತ್ತಿಗೆ ಹತ್ತುತ್ತಿದ್ದರೆ ವ್ಯಾಯಾಮದ ಮಾತು ಆಮೇಲೆ, ವೈದ್ಯರನ್ನು ಕಾಣುವುದು ಮೊದಲು.

ಫಿಸಿಯೊಥೆರಪಿಸ್ಟ್ ಮೊದಲ ದಿನ ಮಾಡಬೇಕಾದ್ದು ವ್ಯಾಯಾಮವಲ್ಲ, ಲೆಕ್ಕ. ಮಂಚದ ಮೇಲೆ ಮಲಗಿಸಿ ಸೊಂಟ, ಮಂಡಿ, ಪಾದ, ಭುಜದ ಒಂದೊಂದೇ ಸ್ನಾಯುವಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಕಾಲು ತನ್ನ ಭಾರವನ್ನು ತಾನೇ ಎತ್ತಿತು, ಆದರೆ ಅವರು ಕೈಯಿಂದ ಒತ್ತಿದರೆ ಕೆಳಗಿಳಿಯಿತು ಅಂದರೆ 3. ನಾಲ್ಕು, ಐದು ಇದ್ದ ಸ್ನಾಯುವಿಗೆ ಹಗುರ ತೂಕ ಕೊಡಬಹುದು. ಮೂರಿದ್ದರೆ ತೂಕವಿಲ್ಲದೆ, ಎಣಿಸಿ, ನಿಲ್ಲಿಸಿ ನಿಲ್ಲಿಸಿ. ಮೂರಕ್ಕಿಂತ ಕಡಿಮೆ ಇದ್ದುದನ್ನು ದುಡಿಸಿ ಗಟ್ಟಿ ಮಾಡಲು ಹೋಗಬಾರದು, ಅದಕ್ಕೆ ಬೇಕಾದದ್ದು ಆಸರೆ. ಆ ಅಂಕದ ಹಾಳೆಯ ನಕಲು ಕೇಳಿ ಪಡೆಯಿರಿ. ಕಾಲು ಮುಟ್ಟಿ ನೋಡದೆ ಕರೆಂಟ್ ಮಷಿನ್ ಹಚ್ಚಿ ‘ಹತ್ತು ದಿನ ಬನ್ನಿ’ ಅನ್ನುವ ಕಡೆ ದುಡ್ಡು ಹಾಕಬೇಡಿ ಎಂದೇ ನನ್ನ ಸಲಹೆ.

ಪ್ರಮಾಣದ ಬಗ್ಗೆ: ಎರಡು ಮೂರು ನಿಮಿಷ ಮಾಡಿ, ಅಷ್ಟೇ ಹೊತ್ತು ಕೂತು ಸುಧಾರಿಸಿಕೊಳ್ಳಿ. ಎಲ್ಲ ಸೇರಿ ಹದಿನೈದು ನಿಮಿಷ, ದಿನ ಬಿಟ್ಟು ದಿನ. ಮಾಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು. ನಡುಗುವ ಮೊದಲೇ ನಿಲ್ಲಿಸಬೇಕು, ನಡುಗಿದ ಮೇಲಲ್ಲ. ಮರುದಿನ ಬೆಳಿಗ್ಗೆ ಏಳುವಾಗಲೂ ನೋವು, ಸುಸ್ತು ಉಳಿದಿದ್ದರೆ ನಿನ್ನೆಯದು ಜಾಸ್ತಿಯಾಯಿತು; ಅರ್ಧಕ್ಕಿಳಿಸಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

ಅಂಗಡಿಯ ಕೆಲಸವನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು, ಗಿರಾಕಿ ‘ಮ್ಯಾಲಿಂದು ತೋರಸ್ರಿ’ ಅಂದಾಗ ಕೈಯೂರಿ ಏಳುವುದು, ಮತ್ತೆ ಕೂಡುವುದು. ನೆಲದಿಂದ ಏಳುವಾಗಲೆಲ್ಲ ಎಡಗಾಲು, ಭುಜ ಎರಡೂ ಪೂರ್ತಿ ಭಾರ ಹೊರುತ್ತವೆ. ಮಂಡಿಗಿಂತ ತುಸು ಎತ್ತರದ ಗಟ್ಟಿ ಸ್ಟೂಲ್ ಹಾಕಿಸಿಕೊಳ್ಳಿ, ಮೇಲಿನ ಹಲಗೆಯ ಮಾಲನ್ನು ಸೊಂಟದ ಮಟ್ಟಕ್ಕೆ ಇಳಿಸಿಕೊಳ್ಳಿ. ಮಾಲೀಕರು ಗೊಣಗಿದರೂ ಸರಿಯೇ, ಯಾವ ಮಾತ್ರೆಯೂ ಕೊಡದಷ್ಟು ಲಾಭ ಇದರಲ್ಲಿದೆ. ಲಗ್ನದ ಸೀಜನ್ನಿನಲ್ಲಿ ಅಂಗಡಿ ತುಂಬಿದ ದಿನ ಬೇರೆ ವ್ಯಾಯಾಮ ಬೇಡವೇ ಬೇಡ.

ಭುಜದ ನೋವಿಗೆ ಕಾರಣ ಬಹುಶಃ ಆ ತೊಡೆಯ ಮೇಲಿನ ಕೈಯೇ. ಮಂಡಿ ಕುಸಿಯದಿರಲೆಂದು ಪ್ರತಿ ಹೆಜ್ಜೆಗೂ ಬಾಗಿ ಒತ್ತುತ್ತೀರಿ. ಭುಜ, ಮಣಿಕಟ್ಟು, ಸೊಂಟ ಮೂರೂ ಸವೆಯುತ್ತವೆ. ಮಂಡಿ ಲಾಕ್ ಆಗುವ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಇದ್ದರೆ ಕೈಗೆ ಬಿಡುವು. ಚಿಕ್ಕಂದಿನಲ್ಲಿ ಹಾಕಿದ ಕಬ್ಬಿಣದ ಕ್ಯಾಲಿಪರ್ ನೆನೆದು ಮುಖ ತಿರುಗಿಸಬೇಡಿ, ಈಗ ಹಗುರ ಪ್ಲಾಸ್ಟಿಕ್ಕಿನವು ಬರುತ್ತವೆ. ಕೋಲು ಹಿಡಿಯುವುದಾದರೆ ಎಡಗೈಯಲ್ಲಿ, ಸೋತ ಕಾಲಿನ ಎದುರು ಬದಿಗೆ. ಬಹಳ ಮಂದಿ ತಿರುವುಮುರುವು ಹಿಡಿಯುತ್ತಾರೆ.

ಇನ್ನೊಂದು ಎಚ್ಚರಿಕೆ. ಹಿಮ್ಮಡಿ ನೆಲಕ್ಕೆ ತಾಗದಂತೆ ಪಾದ ಬಿಗಿದಿದ್ದರೆ ಅದನ್ನು ತಿಕ್ಕಿ ಎಳೆದು ಸಡಿಲಿಸಲು ಯಾರಿಗೂ ಬಿಡಬೇಡಿ. ಪೋಲಿಯೊ ಕಾಲಿನಲ್ಲಿ ಆ ಅಲ್ಪ ಬಿಗಿಯೇ ಮಂಡಿಯನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ನಿಲ್ಲಿಸುತ್ತಿರುತ್ತದೆ. ಸಡಿಲವಾದ ದಿನದಿಂದ ಬೀಳಲು ಶುರು. ಎಷ್ಟು ಎಳೆಯಬಹುದೆಂದು ನಡಿಗೆ ನೋಡಿದವರೇ ಹೇಳಲಿ.

ಹೋಗಲು ಹತ್ತಿರದ್ದು ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ ಅಥವಾ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ. ಹೆಚ್ಚಿನ ಸಲಹೆ ಬೇಕಾದರೆ ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳಿವೆ. ವಾರಕ್ಕೆ ಮೂರು ಸಲ ಬಸ್ ಹತ್ತಬೇಡಿ, ಇದ್ದ ಶಕ್ತಿ ಅದರಲ್ಲೇ ಹೋಗುತ್ತದೆ. ಕಲಿತು ಬಂದು ಮನೆಯಲ್ಲಿ ಮಾಡಿ, ತಿಂಗಳಿಗೊಮ್ಮೆ ತೋರಿಸಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಊರಿನ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಆದಾಯ ಮಿತಿಯೊಳಗಿದ್ದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕ್ಯಾಲಿಪರ್ ಸಿಗುತ್ತದೆ, ಅದರ ದಾರಿಯನ್ನೂ ಅವರೇ ಹೇಳುತ್ತಾರೆ.

ಹೋಗುವಾಗ ಸಡಿಲ ಚಡ್ಡಿ, ಹಳೆಯ ಕ್ಯಾಲಿಪರ್ ಇದ್ದರೆ ಅದು, ದಿನಾ ಮೆಟ್ಟುವ ಚಪ್ಪಲಿ ತೆಗೆದುಕೊಂಡು ಹೋಗಿ. ಹೊಸದು ಹಾಕಿಕೊಂಡು ಹೋಗಬೇಡಿ. ಅಟ್ಟೆ ಯಾವ ಮಗ್ಗುಲಿಗೆ ಸವೆದಿದೆ ಎಂದು ಅವರು ನೋಡಬೇಕು.